ಒಲೆಯ ಪಕ್ಕ ಒಣಗಿದ ಶೂ

ತಮ್ಮ ಇನ್ನಿಲ್ಲ ಎಂಬ ಸುದ್ದಿ ಮಂಗಳವಾರ ಮಧ್ಯಾಹ್ನ ಬಂತು. ಹನ್ನೆರಡು ದಿನಗಳ ಬೆಟ್ಟದ ನಡಿಗೆಯ ಒಂಬತ್ತನೆಯ ದಿನ, ಇಳಿಜಾರಿನಲ್ಲಿ ಅವನ ಬಲಗಾಲಿನ ಶೂವಿನ ಅಟ್ಟೆ ಕಳಚಿ, ಅವನು ಕೆಳಗುರುಳಿದ. ಜೊತೆಯವರು ಕೆಳಗಿಳಿದು ತಲುಪುವಷ್ಟರಲ್ಲಿ ದೇವರು ಅವನನ್ನು ಕರೆದುಕೊಂಡಿದ್ದ. ಫೋನ್ ಬಂದಾಗ ನಾನು ಒಲೆಯ ಪಕ್ಕದ ಹಲಗೆ ಒರೆಸುತ್ತಿದ್ದೆ. ಅವನು ಮರಳಿದೊಡನೆ ಅವನ ಒದ್ದೆ ಶೂವನ್ನು ನಾನು ಇಡುತ್ತಿದ್ದ ಜಾಗ ಅದು.

ಐದು ತಿಂಗಳಾದ ಮೇಲೆ ಅವನ ಮಗಳು ಬೆನ್ನಿಗೆ ಚೀಲ ಏರಿಸಿದಳು. ಅಪ್ಪ ಉಳಿಸಿಹೋದ ಮೂರು ದಿನದ ದಾರಿಯನ್ನು ತಾನು ನಡೆದು ಮುಗಿಸಬೇಕೆಂಬುದು ಅವಳ ಹಟ. ಹನ್ನೊಂದಕ್ಕೆ ನಡಿಗೆಯ ತಂಡದ ವ್ಯಾನು. ಹತ್ತೂವರೆಗೆ ಅಟ್ಟದಿಂದ ಅಪ್ಪನ ಇನ್ನೊಂದು ಜೊತೆ ಶೂ ಇಳಿಸಿದಳು. ಅಪ್ಪ ಮಗಳ ಪಾದ ಒಂದೇ ಅಳತೆ. ದೊಡ್ಡ ನಡಿಗೆಗೆ ಬೇಕಾಗುತ್ತದೆಂದು ಅವನು ಏಳು ವರ್ಷದಿಂದ ಎತ್ತಿಟ್ಟಿದ್ದ ಶೂ.

"ನೋಡಿ ದೊಡ್ಡಪ್ಪ, ಫಳಫಳ ಅಂತಿದೆ. ಅಪ್ಪ ಒಂದಿನಾನೂ ಹಾಕಿಲ್ಲ."

"ಎದುರುಮನೆ ಅಕ್ಕನಿಗೆ ತೋರಿಸಿ ಹೋಗಮ್ಮ."

"ಅಯ್ಯೋ, ಅವರು ಹೊಸ ಶೂಗೂ ತೇಪೆ ಹಾಕೋರು!"

ಆದರೂ ನನ್ನ ಜೊತೆ ಬಂದಳು. ಎದುರುಮನೆಯ ಅಕ್ಕ ಮೂವತ್ತು ವರ್ಷದಿಂದ ಮುಂದಿನ ಕೋಣೆಯಲ್ಲೇ ಶೂ ರಿಪೇರಿ ಮಾಡುವವಳು. ಶೂ ತಿರುಗಿಸಿ, ಅಟ್ಟೆಯ ಮೇಲಿನ ಮೆತ್ತೆಗೆ ಹೆಬ್ಬೆರಳ ಉಗುರು ಒತ್ತಿದಳು. ಬಿಳಿ ಪುಡಿ ಉದುರಿತು.

"ಅಟ್ಟೆಯ ಹಲ್ಲು ಒಂದೂ ಸವೆದಿಲ್ಲವಲ್ಲ ಅಕ್ಕಾ?"

"ಹಲ್ಲು ಗಟ್ಟಿಯಿದ್ದು ವಸಡು ಕೊಳೆತ್ರೆ ಏನ್ ಕಡೀತೀಯಮ್ಮ? ಹಾಕ್ಕೊ. ತುದಿಗಾಲಲ್ಲಿ ಹತ್ತು ಸಲ ಏಳು."

ಏಳನೆಯ ಸಲಕ್ಕೆ ಎಡ ಶೂ ಬಾಯಿಬಿಟ್ಟಿತು. ಅಷ್ಟರಲ್ಲಿ ಹೊರಗೆ ವ್ಯಾನು ಹಾರ್ನ್ ಹೊಡೆಯಿತು.

"ಬೇಗ ಅಂಟು ಹಾಕ್ಕೊಡಿ ಅಕ್ಕಾ. ಮೂರೇ ದಿನ ತಾನೇ!"

"ಅಂಟು ಯಾವುದನ್ನ ಹಿಡ್ಕೊಳ್ಳುತ್ತೆ, ಈ ಪುಡೀನಾ?"

"ಹಂಗಾದ್ರೆ ನನ್ನ ಹಳೇದೇ ಹಾಕ್ಕೊಂಡು ಹೋಗ್ತೀನಿ."

"ಅದು ಬೋಳು ಅಟ್ಟೆ. ಒದ್ದೆ ಬಂಡೆ ಮೇಲೆ ಸಾಬೂನಿದ್ದಂಗೆ."

ಹುಡುಗಿಯ ಮುಖ ಕೆಂಪೇರಿತು. "ನೀವೆಲ್ಲ ಸೇರಿ ನನ್ನ ತಡೀಬೇಕು ಅಂತಾನೇ ಇದ್ದೀರಿ." ಎರಡನೆಯ ಹಾರ್ನ್ ಕೇಳಿಸಿತು. ಅವಳು ಬಾಗಿಲಿಗೆ ಹೆಜ್ಜೆಯಿಟ್ಟಳು.

ಐದು ತಿಂಗಳು ನುಂಗಿಕೊಂಡಿದ್ದ ಪ್ರಶ್ನೆಯನ್ನು ನಾನು ಆಗ ಅಕ್ಕನಿಗೆ ಕೇಳಿದೆ. "ತಮ್ಮನ ಶೂ ಯಾಕೆ ಕಳಚಿತಮ್ಮ? ಬೆಟ್ಟದಿಂದ ಮರಳಿ ಬಂದ ಆ ಶೂವನ್ನು ನೀನು ನೋಡಿದ್ದೆಯಲ್ಲ."

ಅಕ್ಕ ಸೂಜಿ ಕೆಳಗಿಟ್ಟಳು. "ಅವತ್ತು ನಿಮ್ಮ ಮುಖ ನೋಡಿ ಹೇಳೋಕಾಗ್ಲಿಲ್ಲ ಅಣ್ಣ. ಎಲ್ಲಿ ಒಣಗಿಸ್ತಿದ್ರಿ?"

"ಒಲೆಯ ಪಕ್ಕ. ನಾನೇ ಇಡ್ತಿದ್ದೆ. ಬೆಳಿಗ್ಗೆ ಅವನ ಕಾಲಿಗೆ ಬೆಚ್ಚಗಿರಲಿ ಅಂತ."

"ಬಿಸಿಗೆ ಅಂಟು ಬಿಟ್ಕೊಳ್ಳುತ್ತೆ. ಜೊತೆಗೆ ಸಾವಿರ ಕಿಲೋಮೀಟರ್ ದಾಟಿದ ಶೂ. ನೀವೊಬ್ಬರೇ ಕಾರಣ ಅಂತ ನಾನು ಹೇಳಲ್ಲ."

ಬಾಗಿಲಲ್ಲಿ ನಿಂತಿದ್ದ ಹುಡುಗಿ ತಿರುಗಿ ನನ್ನನ್ನು ನೋಡಿದಳು. ಅವಳು ಮೆಲ್ಲನೆ ಚೀಲ ಇಳಿಸಿ, ಹೊರಗೆ ಕೂಗಿದಳು: "ನೀವು ಹೊರಡಿ. ನಾನು ಮುಂದಿನ ತಂಡದ ಜೊತೆ ಬರ್ತೀನಿ!"

ಹೊಸ ಶೂ ಬಂತು. ಮೂರು ವಾರ ಬೀದಿಯಲ್ಲಿ, ಮೆಟ್ಟಿಲ ಮೇಲೆ, ಭಾರದ ಚೀಲ ಹೊತ್ತು ನಡೆದು ಅದನ್ನು ಪಳಗಿಸಿದಳು. ಕಳೆದ ವಾರ ಆ ಮೂರು ದಿನದ ದಾರಿ ಮುಗಿಸಿ ಮನೆಗೆ ಬಂದಳು. ಒದ್ದೆ ಶೂವಿಗೆ ಕಾಗದ ತುರುಕಿ ಕಿಟಕಿಯ ನೆರಳಿನಲ್ಲಿ ಇಟ್ಟವನು ನಾನೇ.

ದೂರ ನಡೆಯುವವರೇ, ಅವರನ್ನು ಕಾಯುತ್ತ ಮನೆಯಲ್ಲಿ ಕೂತವರೇ, ಶೂವಿನ ಹೊಳಪು ನೋಡಿ ಮೋಸಹೋಗಬೇಡಿ. ಹೊರಡುವ ಮುನ್ನ ಮಗುಚಿ ನೋಡಿ, ಬಾಗಿಸಿ ನೋಡಿ, ಮೆತ್ತೆ ಒತ್ತಿ ನೋಡಿ. ಎಷ್ಟು ದೂರ ನಡೆದಿರಿ ಎಂದು ಲೆಕ್ಕವಿಡಿ. ಐನೂರು ಕಿಲೋಮೀಟರ್ ದಾಟಿದ ಮೇಲೆ ಪ್ರತಿ ನಡಿಗೆಗೂ ಮೊದಲು ತಿಳಿದವರಿಗೆ ತೋರಿಸಿ. ವರ್ಷಗಟ್ಟಲೆ ಎತ್ತಿಟ್ಟ ಶೂ ಹೊಸದಲ್ಲ. ಪ್ರೀತಿಯಿಂದಲೂ ಅದನ್ನು ಬೆಂಕಿಯ ಹತ್ತಿರ ಇಡಬೇಡಿ.

ದೇವರೇ, ನನ್ನ ತಮ್ಮ ಬಹಳ ದೂರ ನಡೆದು ದಣಿದಿದ್ದಾನೆ. ನಿನ್ನ ಅಂಗಳದಲ್ಲಿ ಅವನು ಬರಿಗಾಲಲ್ಲಿ, ನೋವಿಲ್ಲದೆ ನಡೆಯಲಿ. ಅವನ ಆತ್ಮಕ್ಕೆ ಶಾಂತಿ ಕೊಡು.