ಒಂದನೇ ಸಿಲಿಂಡರಿನ ಶಾಖ

ಕಗ್ಗದಾಸಪುರದ ಶೆಡ್ಡಿನಲ್ಲಿ ಮೆಕ್ಯಾನಿಕ್ ದುರ್ಗೇಶ ಬಿಚ್ಚಿಟ್ಟ ವಿಮಾನದ ಎಂಜಿನ್ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಒಂದನೇ ಸಿಲಿಂಡರಿನ ಪಿಸ್ಟನ್ನಿಗೆ ಹೆಬ್ಬೆರಳು ತೂರುವಷ್ಟು ತೂತು ಬಿದ್ದಿತ್ತು. ಆ ವಿಮಾನ ಹಾರಿಸುತ್ತಿದ್ದ ಪೈಲಟ್ ಭವ್ಯ ಅದು ಬಿದ್ದು ಸತ್ತು ಒಂಬತ್ತು ದಿನವಾಗಿತ್ತು.

ಹೊಗೆಕೊಳವೆಯ ಶಾಖ ತೋರುವ ಮುಳ್ಳನ್ನು ನೋಡಿಕೊಂಡೇ ಪೈಲಟ್ಟುಗಳು ಉಳಿತಾಯಕ್ಕೆಂದು ಪೆಟ್ರೋಲು ಕಡಿಮೆ ಮಾಡುತ್ತಾರೆ; ಕಡಿಮೆಯಾದಂತೆ ಶಾಖ ಏರುತ್ತದೆ. ಮುಳ್ಳು ತುದಿಗೇರಿ ಇಳಿಯತೊಡಗಿದರೆ, ಎಂಜಿನ್ ಸುಡದಂತೆ, ಮತ್ತೆ ತುಸು ಹೆಚ್ಚಿಸುತ್ತಾರೆ. ಶಾಖ ಅಳೆಯುವ ಕಡ್ಡಿ ಇದ್ದದ್ದು ಎಲ್ಲಕ್ಕಿಂತ ಮೊದಲು ಬಿಸಿಯೇರುವ ಒಂದನೇ ಸಿಲಿಂಡರಿಗೆ. ಅಲ್ಲಿನ ತಿರುಪಿನ ಹಲ್ಲು ಸವೆದಿತ್ತೆಂದು, ಎಲ್ಲಿದ್ದರೂ ಶಾಖ ಒಂದೇ ಅಲ್ಲವೇ ಎಂದುಕೊಂಡು, ಹೋದ ತಿಂಗಳು ದುರ್ಗೇಶನೇ ಕಡ್ಡಿಯನ್ನು ಮೂರನೆಯದಕ್ಕೆ ಬದಲಿಸಿದ್ದ. ಮೂರನೆಯದು ತಡವಾಗಿ ಬಿಸಿಯೇರುವಂಥದು. ಆ ಮುಳ್ಳನ್ನು ನಂಬಿ ಪೆಟ್ರೋಲು ಇಳಿಸುತ್ತಲೇ ಹೋದ ಭವ್ಯಳಿಗೆ ಒಂದನೆಯದು ಸುಡುತ್ತಿದ್ದುದು ಕಾಣಲೇ ಇಲ್ಲ.

"ತನಿಖೆಯೋರ್ ಹಾಳೇಲಿ ಪೈಲಟ್ದೇ ತಪ್ಪು ಅಂತ ಬರ್ದ್ಬಿಡು ಗುರು," ಎಂದ ಶೆಡ್ಡಿನ ಯಜಮಾನ ಶ್ರೀನಾಥ್. "ಸತ್ತೋರು ಎದ್ ಬಂದು ಜಗಳ ಆಡಲ್ಲ. ಲೈಸೆನ್ಸ್ ಹೋದ್ರೆ ನಿಮ್ಮೂರು ರಾಯಚೂರಲ್ಲಿ ಪಂಪ್‌ಸೆಟ್ ಬಿಚ್ಕೊಂಡಿರ್ಬೇಕಾಗುತ್ತೆ ನೀನು."

"ಬಿಚ್ತೀನ್ ಬಿಡ್ರೀ. ಆಕಿ ಸರಿಯಾಗೇ ಹಾರ್ಸ್ಯಾಳ. ಕಡ್ಡಿ ತಪ್ಪ್ ಜಾಗಕ್ಕ ಹಾಕಿದಾಂವ ನಾನು."

ದುರ್ಗೇಶ ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ತನಿಖೆಯವರ ಹಾಳೆಯಲ್ಲಿ 'ಅಪಘಾತಕ್ಕೆ ಕಾರಣ' ಎಂಬುದರ ಎದುರು ತನ್ನ ಪೂರ್ತಿ ಹೆಸರು ಬರೆದ.