ಕೋವಿ ಪಾಲು

"ಇನ್ನೊಂದು ಮೂಟೆ ಹಾಕು ಮಾರಾಯ," ಎಂದ ವೀರೇಂದ್ರ.

ಶಶಿಕಿರಣ್ ಅನುಮಾನದಿಂದ ಮೇಲೆ ನೋಡಿದ. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ನಿಂತ ಸಿಲ್ವರ್ ಓಕ್ ಮರದ ಕಾಂಡವನ್ನು, ಅವನೇ ಮೂಡಿಗೆರೆಯ ತನ್ನ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡಿ ತಂದ ಕಬ್ಬಿಣದ ಕುರ್ಚಿ ಕಚ್ಚಿ ಹಿಡಿದಿತ್ತು. ಅದರ ಮೇಲೆ ಆಗಲೇ ಒಣಗಿದ ಕಾಫಿ ಚೆರ್ರಿಯ ಎರಡು ಮೂಟೆ ಕೂತಿದ್ದವು. ಒಂದೊಂದೂ ಐವತ್ತು ಕೆಜಿ.

"ಎರಡು ಸಾಕಲ್ವ ಅಣ್ಣ? ನೀವು ನೂರ ಹತ್ತು ಅಂದಿದ್ರಿ."

"ಹಾಕು ಅಂದೆ."

ಜಗಲಿಯಲ್ಲಿ ಕೂತು ಹಲಸಿನ ತೊಳೆ ಬಿಡಿಸುತ್ತಿದ್ದ ಹೆಂಡತಿ ರಕ್ಷಾ ತಲೆ ಎತ್ತದೆ ಹೇಳಿದಳು: "ನೂರ ಹತ್ತು ನಮ್ಮ ಮದುವೇಲಿ ಇದ್ದಿದ್ದು. ಮೊನ್ನೆ ಕಾಫಿ ತೂಗೋ ಕಾಟಾ ಮೇಲೆ ನಿಂತಾಗ ನೂರ ಇಪ್ಪತ್ತೆಂಟು ತೋರಿಸ್ತು. ಕಾಟಾ ಸುಳ್ಳು ಹೇಳಲ್ಲ ಶಶಿ, ಇವರು ಹೇಳ್ತಾರೆ."

ಶಶಿಕಿರಣ್ ನಗು ನುಂಗಿಕೊಂಡು ಮೂರನೆಯ ಮೂಟೆಯನ್ನು ಎತ್ತಿ ಕೂರಿಸಿದ. ಕುರ್ಚಿ ಒಮ್ಮೆ ಕಿರ್ರೆಂದು ನರಳಿ ಸುಮ್ಮನಾಯಿತು. ವೀರೇಂದ್ರ ಅದರ ಕೆಳಗೇ ನಿಂತು, ಕತ್ತು ಮೇಲೆತ್ತಿ, ಎಲೆಯಡಿಕೆ ಮುಗಿಯುವವರೆಗೂ ಕಾದ. ಏನೂ ಜಾರಲಿಲ್ಲ. ಅವನಿಗಾದ ಸಂತೋಷ ಅಷ್ಟಿಷ್ಟಲ್ಲ.

ಮರಸು ಕೂರಬೇಕು, ಅದೊಂದೇ ಅವನ ಹಂಬಲ. ಹಂದಿ ಬರುವ ಕಡೆ ಮರ ಹತ್ತಿ, ಉಸಿರು ಬಿಗಿಹಿಡಿದು ಕಾಯುವುದಕ್ಕೆ ಆ ಸೀಮೆಯಲ್ಲಿ ಮರಸು ಅನ್ನುತ್ತಾರೆ. ಕಾನೂನಿಗೆ ಆಗದ ಕೆಲಸ. ಫೋನಿನಲ್ಲಿ ಶಿಕಾರಿ ಎಂಬ ಮಾತನ್ನೇ ಯಾರೂ ಆಡುವುದಿಲ್ಲ, 'ಹಲಸಿನ ಹಣ್ಣು ನೋಡೋಕೆ ಹೋಗಾಣ' ಅನ್ನುತ್ತಾರೆ. ಒಂದು ಕಾಲಕ್ಕೆ ವೀರೇಂದ್ರನಂಥ ಗುರಿಕಾರ ಆ ಸುತ್ತಿನಲ್ಲಿ ಇರಲಿಲ್ಲ. ಆಮೇಲೆ ಮೈ ಬಂತು. ಒಂದು ಸಲ ಅವನು ಕೂತ ಕೊಂಬೆ ಲಟಕ್ಕೆಂದಿತು. ಮರಸು ಕೂತವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅವತ್ತಿನಿಂದ ಅವನ ಕೋವಿ ಮಾತ್ರ ಶಿಕಾರಿಗೆ ಹೋಗುತ್ತಿತ್ತು, ಗೆಳೆಯ ದಿಲೀಪನ ಹೆಗಲ ಮೇಲೆ.

ಹೊಡೆದ ಹಂದಿಗೆ ಪಾಲು ಹಾಕುವ ಕ್ರಮವೊಂದಿದೆ. ಮರಸು ಕೂತ ಆಳಿಗೊಂದು ಪಾಲು, ನಾಯಿಗೊಂದು ಪಾಲು, ಗುಂಡು ಹಾರಿಸಿದ ಕೋವಿಗೊಂದು ಪಾಲು. ಹಾರಿಸದ ಕೋವಿಗೆ ಏನೂ ಇಲ್ಲ. ಆಳಿನ ಪಾಲಿಗೆ ಮಾತ್ರ ಈಲಿಯ ಒಂದು ಚೂರು ಸೇರುತ್ತದೆ. ಲಿವರ್ ಅಂದರೆ ಎಲ್ಲರಿಗೂ ಆಸೆ, ಅದಕ್ಕೇ ಹಾಗೆ. ವರ್ಷಗಳಿಂದ ವೀರೇಂದ್ರನ ಮನೆಗೆ ಬಾಳೆಲೆಯಲ್ಲಿ ಸುತ್ತಿ ಬರುತ್ತಿದ್ದದ್ದು ಈಲಿ ಇಲ್ಲದ ಪಾಲು. ರಕ್ಷಾ ಅಡುಗೆಮನೆಯಲ್ಲಿ ಕಟ್ಟು ಬಿಚ್ಚಿ, "ಕೋವಿ ಪಾಲು ಬಂತು," ಅನ್ನುತ್ತಿದ್ದಳು. ಅವಳ ಮನಸ್ಸಿನಲ್ಲಿ ಕುಹಕ ಇರಲಿಲ್ಲ. ಆದರೂ ಆ ಮಾತು ಕೇಳಿದಾಗಲೆಲ್ಲ ಅವನಿಗೆ ಊಟ ಸೇರುತ್ತಿರಲಿಲ್ಲ. ಮನೆಯಲ್ಲಿ ಗಂಡಸಿಗಿಂತ ಗೋಡೆಯ ಮೇಲಿನ ಕೋವಿಗೇ ಬೆಲೆ ಅನ್ನಿಸಿ ನಾಚಿಕೆಯಾಗುತ್ತಿತ್ತು.

ಮೊದಲು ಅವನು ಆನ್‌ಲೈನಿನಲ್ಲಿ ಮರಕ್ಕೆ ಕಟ್ಟಿ ಕೂರುವ ಒಂದು ಕುರ್ಚಿ ತರಿಸಿದ್ದ. ಎರಡು ಭಾಗ: ಮೇಲೆ ಕೂರುವುದು, ಕೆಳಗೆ ಕಾಲಿಡುವುದು. ಎರಡಕ್ಕೂ ಮರವನ್ನು ಸುತ್ತುವ ಪಟ್ಟಿ, ತೊಗಟೆಗೆ ಕಚ್ಚುವ ಹಲ್ಲು. ಕೂತು ಕಾಲಿನದನ್ನು ಮೇಲೆಳೆಯುವುದು, ನಿಂತು ಕುರ್ಚಿಯನ್ನು ಮೇಲೆ ತಳ್ಳುವುದು, ಹೀಗೆ ಕಂಬಳಿಹುಳದ ಹಾಗೆ ಮರ ಏರಬೇಕು. ಡಬ್ಬದ ಮೇಲಿನ ಪೌಂಡ್ ಲೆಕ್ಕವನ್ನು ಕೆಜಿಗೆ ತಿರುಗಿಸಿ ನೋಡಿದರೆ ತೂಕಕ್ಕೇನೂ ತೊಂದರೆ ಇರಲಿಲ್ಲ. ಆದರೆ ಅದನ್ನು ಮಾಡಿದವರು ಸೊಂಟ ಅಳೆಯುವುದನ್ನು ಮರೆತಿದ್ದರು. ಎರಡು ಅಲ್ಯೂಮಿನಿಯಂ ಸರಳುಗಳ ನಡುವೆ ವೀರೇಂದ್ರ ಸಿಕ್ಕಿಕೊಂಡ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಒಂದು ಕಡೆ, ರಕ್ಷಾ ಒಂದು ಕಡೆ ಹಿಡಿದು ಎಳೆಯಬೇಕಾಯಿತು. ಎಳೆದ ಮೇಲೆ ಅವಳು ಒಳಗೆ ಓಡಿಹೋಗಿ ನಕ್ಕದ್ದು ಹೊರಗಿನವರೆಗೂ ಕೇಳಿಸಿತು. ಆಮೇಲೆ ಬಂದು, "ಹೋಗೋದಾದ್ರೆ ನಿಮ್ಮಳತೇದೇ ಮಾಡಿಸ್ಕೊಳ್ಳಿ. ಬೆಲ್ಟ್ ಇಲ್ದೆ ಮಾತ್ರ ಹತ್ಬೇಡಿ," ಎಂದಳು. ಅದೇ ಮಾದರಿಯಲ್ಲಿ, ಅವನ ಸೊಂಟದಳತೆಗೆ ಶಶಿಕಿರಣ್ ಮಾಡಿಕೊಟ್ಟದ್ದೇ ಆ ಕಬ್ಬಿಣದ ಕುರ್ಚಿ ಮತ್ತು ಕಾಲ್ಮಣೆ.

ಬೆಲ್ಟಿಗೆ ಅವನು ಪೇಟೆಯ ಷಡಕ್ಷರಿಯ ಹಾರ್ಡ್‌ವೇರ್ ಅಂಗಡಿಗೆ ಹೋದ. ಷಡಕ್ಷರಿ ಮೊಟ್ಟೆಯನ್ನೂ ಮುಟ್ಟದ ಮನುಷ್ಯ. ಊರಿನ ಸಂಗತಿ ಮಾತ್ರ ಎಲ್ಲಾ ಗೊತ್ತು.

"ಪೇಂಟಿಂಗ್ ಕೆಲಸಕ್ಕಾ ಬೆಲ್ಟು?"

"ಹ್ಞೂಂ, ಪೇಂಟಿಂಗ್."

"ಆಗ್ಲಿ. ಬಣ್ಣ ಉಳೀತು ಅಂತ ನಮ್ಮನೆಗೆ ಮಾತ್ರ ಕಳಿಸ್ಬೇಡಿ ಮಾರಾಯ್ರೆ." ಅಂಗಡಿಯ ಅತಿ ದೊಡ್ಡ ಬೆಲ್ಟೂ ವೀರೇಂದ್ರನ ಹೊಟ್ಟೆಗೆ ಕೂಡಲಿಲ್ಲ. ಷಡಕ್ಷರಿ ಟೆಂಪೋಗೆ ಲೋಡು ಬಿಗಿಯುವ ಪಟ್ಟಿಯೊಂದನ್ನು ಸೇರಿಸಿ ಹೊಲಿಸಿಕೊಟ್ಟ. ಎಡಸೊಂಟದಿಂದ ಹೊರಟ ಪಟ್ಟಿ ಮರವನ್ನು ಬಳಸಿ ಬಂದು ಬಲಸೊಂಟದ ಬಳೆಗೆ ಕೊಂಡಿ ಹಾಕಿಕೊಳ್ಳಬೇಕು.

ದಿಲೀಪನನ್ನು ಒಪ್ಪಿಸುವುದು ಇದೆಲ್ಲಕ್ಕಿಂತ ಕಷ್ಟವಾಯಿತು.

"ಎಂತಕ್ಕೆ ಬೇಕೋ ಈ ಉಸಾಬರಿ? ಕೋವಿ ಕೊಟ್ಟು ಮನೇಲಿ ಆರಾಮಾಗಿರು."

"ಕೋವಿ ಬಂದ್ರೆ ನಾನೂ ಬರ್ತೀನಿ."

"ಬಿದ್ರೆ ಆಸ್ಪತ್ರೇಲಿ ಎಂತ ಹೇಳಾದು? ಹಲಸಿನ ಹಣ್ಣು ಕೀಳಕ್ಕೆ ಹತ್ತಿದ್ದ ಅಂತನಾ?" ಕೊನೆಗೆ ದಿಲೀಪನೇ ಸೋತ. "ಇದೊಂದ್ಸಲ. ಆಗ್ಲಿಲ್ಲ ಅಂದ್ರೆ ಇನ್ ಯಾವತ್ತೂ ಕೇಳ್ಬಾರ್ದು ನೀನು."

"ಕೇಳಲ್ಲ," ಎಂದ ವೀರೇಂದ್ರ.

ಭಾನುವಾರ ಮಧ್ಯಾಹ್ನ ದೇವರಮನೆ ಗುಡ್ಡದ ಬುಡದ ತೋಟಕ್ಕೆ ಹೋದರು. ದಿಲೀಪ ಮಾವನ ಹಳೇ ಕೇಪಿನ ಕೋವಿ, ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದು, ತಂದಿದ್ದ. ಇನ್ನಿಬ್ಬರು ಗೆಳೆಯರು ಆಚೆ ಸಾಲಿನಲ್ಲಿ ಕೂರುವವರು. ತೋಟದ ಮೂಲೆಯ ಹಲಸಿನ ಮರದ ಕೆಳಗೆ ಹಣ್ಣು ಬಿದ್ದು ಒಡೆದು, ಹಂದಿ ಕೆದರಿದ ಗುರುತು ಹಸಿಯಾಗಿತ್ತು. ಸುತ್ತಲಿನ ಸಿಲ್ವರ್ ಮರಗಳಿಗೆಲ್ಲ ಮೆಣಸಿನ ಬಳ್ಳಿ. ಬಳ್ಳಿಯ ಮೇಲೆ ಕುರ್ಚಿ ಕಟ್ಟುವಂತಿಲ್ಲ. ಒಂದೇ ಒಂದು ಮರ ಬೋಳಾಗಿತ್ತು. ಹೋದ ವರ್ಷ ಅದರ ಬಳ್ಳಿಗೆ ಸೊರಗು ರೋಗ ಬಂದು, ಆಳುಗಳು ಕಿತ್ತೆಸೆದಿದ್ದರು. ಬಳ್ಳಿಯ ಒಣಬೇರು, ಪಾಚಿ ಸೇರಿ ಕಾಂಡದ ಮೇಲೆ ಹಕ್ಕಳೆಗಟ್ಟಿತ್ತು. ಅದು ವೀರೇಂದ್ರನ ಕಣ್ಣಿಗೂ ಬಿತ್ತು. ತೋಟದಲ್ಲಿ ಹುಟ್ಟಿ ಬೆಳೆದವನಿಗೆ ಅದು ದಿನಾ ನೋಡುವ ವಸ್ತು. ಅದರ ಬಗ್ಗೆ ಏನೂ ಅನ್ನಿಸಲಿಲ್ಲ.

ಮೂರಾಳೆತ್ತರ ಏರುವಷ್ಟರಲ್ಲಿ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಎದೆ ಬಡಿತ ಕಿವಿಗೇ ಕೇಳಿಸುತ್ತಿತ್ತು. ಕಾಲ್ಮಣೆ ಜಾರಿದರೂ ಕೆಳಗೆ ಬೀಳದಿರಲೆಂದು ಅದನ್ನು ಕುರ್ಚಿಗೆ ಕಟ್ಟಿದ್ದ ಹಗ್ಗವನ್ನು ಬಿಚ್ಚಿ ಇಳಿಬಿಟ್ಟು, ದಿಲೀಪ ಕಟ್ಟಿಕೊಟ್ಟ ಕೋವಿಯನ್ನು ಮೇಲೆಳೆದುಕೊಂಡ. ಬೇರೆ ಹಗ್ಗ ತರುವುದು ಮರೆತಿತ್ತು; ಬಿಚ್ಚಿದ್ದನ್ನು ಮತ್ತೆ ಕಟ್ಟುವ ಗೋಜಿಗೆ ಹೋಗಲಿಲ್ಲ. ಮರವನ್ನು ಮಂಡಿಗಳ ನಡುವೆ ಇಟ್ಟುಕೊಂಡು, ಕುರ್ಚಿಗೆ ಹೊದಿಸಿದ್ದ ಹಳೆಯ ಜೀಪಿನ ಸೀಟಿನ ಮೆತ್ತೆಯ ಮೇಲೆ ಕೂತ. ಎಷ್ಟೋ ವರ್ಷದ ಮೇಲೆ ಎಲೆಗಳ ಮಟ್ಟದಲ್ಲಿ ಗಾಳಿ ಮುಖಕ್ಕೆ ತಾಗಿತು. ಕೆಳಗೆ ದಿಲೀಪ ಹೆಬ್ಬೆರಳು ತೋರಿಸಿ ತನ್ನ ಮರದ ಕಡೆ ಹೋದ. ಇನ್ನು ಕೋವಿ ಸದ್ದಾಗುವವರೆಗೆ ಯಾರೂ ಮಾತಾಡುವಂತಿಲ್ಲ.

ಹಲಸಿನ ಮರ ಅವನ ಎಡಕ್ಕಿತ್ತು. ತಿರುಗಿ ಗುರಿ ಹಿಡಿದು ನೋಡಿದ. ಬೆಲ್ಟು ಹೊಟ್ಟೆಯನ್ನು ಹಿಡಿದೆಳೆಯಿತು. ರಕ್ಷಾ ಹೇಳಿದ ಮಾತು ನೆನಪಾಗದೆ ಇರಲಿಲ್ಲ. 'ಒಂದು ಗಳಿಗೆ ಅಷ್ಟೆ' ಅಂದುಕೊಂಡು ಬಲಸೊಂಟದ ಕೊಂಡಿ ಬಿಚ್ಚಿದ. ಪಟ್ಟಿ ಎಡಕ್ಕೆ ಜೋತುಬಿತ್ತು. ಈಗ ಸರಾಗವಾಗಿ ತಿರುಗಲು ಬಂತು.

ಬೆಳಕು ಹಳದಿಗೆ ತಿರುಗುತ್ತಿತ್ತು. ಇನ್ನೂ ಚೂರು ಎಡಕ್ಕೆ ಹೊರಳಲು ಅವನು ಹಿಮ್ಮಡಿ ಎತ್ತಿದ. ಕಾಲ ಕೆಳಗಿನ ಭಾರ ತಪ್ಪಿದ್ದೇ ತಡ, ಹಲ್ಲು ಕಚ್ಚಿದ್ದ ಹಕ್ಕಳೆ ಪುಡಿಯಾಗಿ ಉದುರಿ ಕಾಲ್ಮಣೆ ಜಾರಿತು. ಬುಡದ ದಪ್ಪಕ್ಕೆ ಕಟ್ಟಿದ್ದ ಪಟ್ಟಿ ಎಲ್ಲೂ ಹಿಡಿಯದೆ, ಮಣೆ ಹಾಗೆಯೇ ಹೋಗಿ ತರಗಿನ ಮೇಲೆ ಧೊಪ್ಪೆಂದು ಬಿತ್ತು.

ಕಾಲು ಎರಡೂ ಗಾಳಿಯಲ್ಲಿ ಉಳಿದವು.

ವೀರೇಂದ್ರ ಎಡಗೈಯಿಂದ ಮರವನ್ನು ಅಪ್ಪಿದ. ಬಲಗೈಯಲ್ಲಿ ಕೋವಿ. ಕೂಗಲು ಬಾಯಿ ತೆರೆದವನು ತಡೆದುಕೊಂಡ. ಕೂಗಿದರೆ ಶಿಕಾರಿ ಕೆಟ್ಟಿತು. ದಿಲೀಪ ಓಡಿಬರುತ್ತಾನೆ, ಬೈಯುವುದಿಲ್ಲ, ಆದರೆ ಇನ್ನು ಯಾವತ್ತೂ ಕರೆಯುವುದಿಲ್ಲ. ಆ ಕಡೆಯಿಂದ ಸದ್ದೇ ಇರಲಿಲ್ಲ. ಹಲಸಿನ ಹಣ್ಣು ಬಿತ್ತು ಅಂದುಕೊಂಡಿದ್ದಾನೆ, ಎಂದು ವೀರೇಂದ್ರನಿಗೆ ಹೊಳೆಯಿತು.

ಹಂದಿಯೂ ಹಾಗೇ ಅಂದುಕೊಂಡಿತ್ತು. ಕಾಫಿ ಗಿಡಗಳ ಸಂದಿಯಿಂದ ಅದು ಹಣ್ಣಿನ ಆಸೆಗೆ ನೇರವಾಗಿ ಬಂತು. ಒಂಟಿ ಸಲಗ, ಕೋರೆ ಹಳದಿಗಟ್ಟಿದ್ದು. ಮೂಗು ಮೇಲೆತ್ತಿ ಗಾಳಿ ನೋಡಿ, ಒಡೆದ ಹಣ್ಣಿಗೆ ಬಾಯಿ ಹಾಕಿ ಅಡ್ಡಲಾಗಿ ನಿಂತಿತು. ಕಣ್ಣು ಮುಚ್ಚಿ ಹೊಡೆದರೂ ತಪ್ಪದಷ್ಟು ಹತ್ತಿರ.

ಅವನ ಮೈಯಲ್ಲಿ ಹಳೆಯ ಬಿಸಿ ಏರಿತು. ಎಡಗೈ ಬಿಟ್ಟು ಕೋವಿಗೆ ಆನಿಸಿದರೆ ಸಾಕು. ಮೆಲ್ಲನೆ ಹಿಡಿತ ಸಡಿಲಿಸಿದ. ಕುರ್ಚಿಯ ಹಲ್ಲಿನಡಿಯಿಂದ ಒಣಬೇರಿನ ಪುಡಿ ಉದುರಿ ಅವನ ಮೊಣಕಾಲಿನ ಮೇಲೆ ಬಿತ್ತು. ಕುರ್ಚಿ ಒಂದು ಅಂಗುಲ ಕೆಳಗೆ ಸರಿದು, ಬಲಕ್ಕೆ ವಾಲಿತು. ಎಡಗೈಯಿಂದ ಮತ್ತೆ ಮರವನ್ನು ಅಪ್ಪಿದ. ಗುಂಡು ಹಾರಿದರೆ ಕೋವಿ ಒದೆಯುತ್ತದೆ. ಆ ಒದೆತಕ್ಕೆ ಕುರ್ಚಿ ನಿಲ್ಲುವುದಿಲ್ಲ. ಬೆಲ್ಟಿನ ಪಟ್ಟಿ ಎಡಸೊಂಟದಲ್ಲಿ ನೇತಾಡುತ್ತಿದೆ. ಅದನ್ನು ಮರದ ಸುತ್ತ ಬಳಸಿ ಕೊಂಡಿ ಹಾಕಲು ಎರಡೂ ಕೈ ಬೇಕು. ಕೋವಿ ಅವನ ಅಪ್ಪನದು. ಅದರ ಹಿಡಿಯಲ್ಲಿ ಅಪ್ಪನ ಕೆನ್ನೆ ತಾಗಿ ನಯವಾದ ಜಾಗ ಇನ್ನೂ ಇತ್ತು.

ಹಂದಿ ನೆಮ್ಮದಿಯಾಗಿ ತಿನ್ನುತ್ತಿತ್ತು. ಅದನ್ನು ಕಂಡು ಅವನಿಗೆ ಅಳು ಬಂತು.

ತೋಟಾ ತುಂಬಿದ ಕೋವಿಯನ್ನು ಹಾಗೇ ಬೀಳಿಸುವಂತಿಲ್ಲ. ಬಿದ್ದ ರಭಸಕ್ಕೆ ಹಾರಿದರೆ ಗುಂಡು ಯಾರಿಗೆ ತಗಲುತ್ತದೋ. ಒಂಟಿನಳಿಗೆಯನ್ನು ತೊಡೆಗೆ ಒತ್ತಿ ಹೆಬ್ಬೆರಳಿನಿಂದ ಕೀಲು ತಳ್ಳಿ ಕೋವಿಯನ್ನು ಮಡಚಿದ. ಬಗ್ಗಿ, ಇಣುಕಿದ ತೋಟಾವನ್ನು ಹಲ್ಲಿನಲ್ಲೇ ಕಚ್ಚಿ ಎಳೆದ. ಆಮೇಲೆ ಬೆರಳು ಬಿಡಿಸಿದ.

ಕೋವಿ ಕಲ್ಲಿಗೆ ಬಡಿದ ಸದ್ದಿಗೆ ಹಂದಿ ಗುಟುರು ಹಾಕಿ ದಿಲೀಪನ ಮರದ ದಿಕ್ಕಿಗೆ ನುಗ್ಗಿತು. ವೀರೇಂದ್ರ ಅತ್ತ ನೋಡಲಿಲ್ಲ. ಎರಡೂ ತೋಳಿನಿಂದ ಮರವನ್ನು ತಬ್ಬಿ, ಎಡಗೈಯಿಂದ ಪಟ್ಟಿಯನ್ನು ಮರದ ಹಿಂದಕ್ಕೆ ಎಸೆದ. ಸಿಗಲಿಲ್ಲ. ಮತ್ತೆ ಎಸೆದ. ಬಲಗೈಯ ಬೆರಳ ತುದಿಗೆ ಕೊಂಡಿ ಸಿಕ್ಕಿತು. ಎಳೆದು ಸೊಂಟದ ಬಳೆಗೆ ಸಿಕ್ಕಿಸುವುದಕ್ಕೂ ಕುರ್ಚಿ ಪೂರ್ತಿ ವಾಲಿ ಅವನನ್ನು ಚೆಲ್ಲುವುದಕ್ಕೂ ಸರಿಹೋಯಿತು. ಎದೆ, ತೋಳು ತೊಗಟೆಗೆ ಉಜ್ಜಿಕೊಂಡು ಸ್ವಲ್ಪ ದೂರ ಜಾರಿದ. ಟೆಂಪೋ ಪಟ್ಟಿ ಹೊಟ್ಟೆಯನ್ನು ಸೀಳುವ ಹಾಗೆ ಬಿಗಿದು ನಿಂತಿತು. ಅದೇ ಹೊತ್ತಿಗೆ ಕೇಪಿನ ಕೋವಿ ಢಂ ಎಂದಿತು.

"ವೀರೂ, ಬಿತ್ತು ಕಣೋ," ದಿಲೀಪನ ದನಿ ಕೇಳಿತು. "ವೀರೂ?"

ತರಗಿನ ಮೇಲೆ ಓಡುವ ಸದ್ದು. ದಿಲೀಪ ಬಂದವನು ಹಿಡಿ ಸೀಳಿದ ಕೋವಿಯನ್ನೂ ಬಿದ್ದಿದ್ದ ಕಾಲ್ಮಣೆಯನ್ನೂ ನೋಡಿದ. ಮೇಲೆ ನೋಡುವ ಧೈರ್ಯ ಬರದೆ ಒಂದು ಕ್ಷಣ ಹಾಗೇ ನಿಂತ. ಆಮೇಲೆ ನೋಡಿದ.

"ಜೀವ ಇದ್ಯೇನೋ?"

"ಹ್ಞೂಂ," ಎಂದಷ್ಟೇ ಬಂತು ಮೇಲಿನಿಂದ.

ಮೆಣಸು ಕೊಯ್ಯುವ ಏಣಿಗಳನ್ನು ತಂದು, ಆಚೆ ಸಾಲಿನಿಂದ ಬಂದ ಗೆಳೆಯರಲ್ಲಿ ಒಬ್ಬ ಮೇಲೆ ಹತ್ತಿ ಪಟ್ಟಿಯನ್ನು ಚೂರುಚೂರೇ ಸಡಿಲಿಸಿ, ದಿಲೀಪ ಕೆಳಗಿನಿಂದ ಅವನ ಪಾದಗಳನ್ನು ಒಂದೊಂದಾಗಿ ಮೆಟ್ಟಿಲಿಗೆ ಇಟ್ಟು ಇಳಿಸಿದರು. ಯಾರೂ ನಗಲಿಲ್ಲ. ನೆಲಕ್ಕೆ ಕೂತ ಮೇಲೆ ದಿಲೀಪ ಅವನ ಮುಖ ನೋಡಿ, "ಬಾಯಲ್ಲಿ ಎಂತ ಅದು?" ಎಂದ. ವೀರೇಂದ್ರ ಅಂಗೈ ಒಡ್ಡಿ ತೋಟಾವನ್ನು ಉಗುಳಿದ. ಹಿತ್ತಾಳೆಯ ಮೇಲೆ ಹಲ್ಲಿನ ಗುರುತು ಬಿದ್ದಿತ್ತು. ದಿಲೀಪ ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿ, ತನ್ನ ಜೇಬಿಗೆ ಹಾಕಿಕೊಂಡ.

ಮೊದಲು ಅವನನ್ನು ಜೀಪಿನಲ್ಲಿ ಮನೆಗೆ ಬಿಟ್ಟರು. ದಾರಿಯುದ್ದಕ್ಕೂ ಅವನಿಗೆ ಒಂದೇ ಯೋಚನೆ: ಕೋವಿ ಇವತ್ತು ಹಾರಲಿಲ್ಲ, ಮುರಿದೂ ಹೋಯಿತು, ಇನ್ನು ಮನೆಗೆ ಕೋವಿ ಪಾಲೂ ಬರುವುದಿಲ್ಲ.

ರಕ್ಷಾ ಹರಿದ ಅಂಗಿ ಬಿಡಿಸಿ, ಸುಲಿದ ತೋಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾ, ಹೊಟ್ಟೆಯ ಸುತ್ತ ಬಿದ್ದ ಪಟ್ಟಿಯ ಕೆಂಪು ಬರೆಯ ಮೇಲೆ ಬೆರಳು ಆಡಿಸಿದಳು. "ಬೆಲ್ಟ್ ಹಾಕಿದ್ರಲ್ಲ, ಸಾಕು," ಎಂದಳು. ಅವನು ಕಣ್ಣು ತಗ್ಗಿಸಿದ.

ದೀಪ ಹಚ್ಚುವ ಹೊತ್ತಿಗೆ ದಿಲೀಪನ ಜೀಪು ಮತ್ತೆ ಬಂತು. ಅವನು ಜಗಲಿ ಹತ್ತಲಿಲ್ಲ. ಬಾಳೆಲೆಯ ಕಟ್ಟನ್ನು ಕಟ್ಟೆಯ ಮೇಲಿಟ್ಟು, "ನಾಳೆ ಆ ಕುರ್ಚಿ ಇಳಿಸಾಣ, ಹಲ್ಲು ಇನ್ನೂ ಉದ್ದ ಮಾಡ್ಸಕ್ಕೆ ಶಶಿ ಹತ್ರ ಮಾತಾಡ್ಬೇಕು," ಎಂದು ಹೊರಟುಹೋದ.

ರಕ್ಷಾ ಕಟ್ಟನ್ನು ಅಡುಗೆಮನೆಗೆ ತಂದಳು. ಅಭ್ಯಾಸಬಲದಿಂದ, "ಕೋವಿ ಪಾಲು," ಎಂದು ಶುರುಮಾಡಿದವಳು ಎಲೆ ಬಿಡಿಸಿದ್ದೇ ಅವನನ್ನು ಕರೆದಳು. ವೀರೇಂದ್ರ ಬಾಗಿಲ ಹತ್ತಿರ ಬಂದ. ಮಾಂಸದಿಂದ ಬೇರೆಯಾಗಿ, ಇನ್ನೊಂದು ಪುಟ್ಟ ಎಲೆಯಲ್ಲಿ, ಬೆರಳುದ್ದದ ಈಲಿಯ ಚೂರು ಇತ್ತು. ಅವನು ಕೈ ಚಾಚಿದ. ಬಾತುಕೊಂಡ ಬೆರಳು ಮಡಚಲು ಬರಲಿಲ್ಲ.

ರಕ್ಷಾ ಒಲೆ ಹಚ್ಚಿ, ಸಣ್ಣ ಬಾಣಲೆ ಇಟ್ಟಳು.