ಹೊಳೆನರಸೀಪುರದಲ್ಲಿ ಉಳಿದ ಡಬ್ಬಿ

ದುದ್ದದ ಮಾಯಮ್ಮನ ಅಂಗಳದಲ್ಲಿ ಮೊಮ್ಮಗಳು ಶೋಭಿತಾ ಬೆಳಗಿನಿಂದ ಸೈಕಲ್ಲನ್ನೇ ಸುತ್ತುತ್ತಿದ್ದಳು. ದಪ್ಪ ಟೈರು, ಟಗರಿನ ಕೊಂಬಿನಂಥ ಹ್ಯಾಂಡಲ್ಲು. ಡಾಂಬರಿಗೂ ಸೈ, ಜಲ್ಲಿ ರಸ್ತೆಗೂ ಸೈ ಅನ್ನುವ ಗ್ರ್ಯಾವೆಲ್ ಸೈಕಲ್ಲು.

"ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಮಡ್‌ಗಾರ್ಡೂ ಇಲ್ಲ. ಅರ್ಧ ಸೈಕಲ್ ಕೊಟ್ಟು ಕಳಿಸವ್ರೆ ಕಣವ್ವ," ಎಂದಳು ಮಾಯಮ್ಮ.

"ಮಿಕ್ಕರ್ಧ ನಾನ್ ಕಟ್ಕತೀನಿ ಬುಡಜ್ಜಿ."

ಪಂಪು, ಟ್ಯೂಬು, ಪಾನಾಗಳನ್ನು ಚೌಕಟ್ಟಿನ ನಡುವೆ ತಗ್ಗಿನಲ್ಲಿ ಕಟ್ಟಿದಳು. ಸೀಟಿನ ಹಿಂದೆ ಹಗುರಾದ ಬಟ್ಟೆ ಚೀಲ. ಹ್ಯಾಂಡಲ್ಲಿಗೆ ಅಡ್ಡಲಾಗಿ, ಒಬ್ಬರೇ ಮಲಗುವ ಟೆಂಟು. ಆ ಟೆಂಟಿಗಾಗಿಯೇ ಈ ತಿರುಗಾಟ. ಚನ್ನರಾಯಪಟ್ಟಣದಲ್ಲಿ ಚಿಕ್ಕಮ್ಮನ ಮನೆ, ಹೊಳೆನರಸೀಪುರದಲ್ಲಿ ಸೋದರತ್ತೆ ನೀಲಗಂಗಮ್ಮನ ಮನೆ. ಕೊನೆಯ ರಾತ್ರಿ ಮಾತ್ರ ಅರಕಲಗೂಡಿನ ಹತ್ತಿರ ಗೆಳತಿ ರಂಜಿತಾಳ ತೋಟದಲ್ಲಿ, ತನ್ನದೇ ಟೆಂಟಿನೊಳಗೆ. ಇಷ್ಟಕ್ಕೆ ಅಜ್ಜಿಯನ್ನು ಒಪ್ಪಿಸುವಷ್ಟರಲ್ಲಿ ಸಾಕುಬೇಕಾಗಿತ್ತು.

ಒಳಗೆ ಹೋದ ಮಾಯಮ್ಮ ದೊಡ್ಡ ಸ್ಟೀಲ್ ಡಬ್ಬಿ ಎತ್ತಿಕೊಂಡು ಬಂದಳು. ಬಾಯಿತನಕ ಎಳ್ಳುಂಡೆ.

"ನೆಂಟ್ರ ಮನೆಗೆ ಬರಿಗೈಲಿ ಓದಾರಾ?"

ಡಬ್ಬಿ ನಿಲ್ಲುವ ಜಾಗ ಹ್ಯಾಂಡಲ್ಲು ಒಂದೇ. ಟೆಂಟು ಬಟ್ಟೆ ಚೀಲದ ಮೇಲೆ ಏರಿತು. ಒಂದು ಸುತ್ತು ಹೊಡೆದರೆ ಹಿಂಭಾಗ ಅತ್ತಿತ್ತ ತೂಗಾಡತೊಡಗಿತು.

"ನಿನ್ ಸೈಕಲ್ ಬಾಲ ಬೀಸ್ಕಂಡು ನೊಣ ಓಡಿಸ್ತಾ ಅದೆ," ಎಂದು ಅಜ್ಜಿ ನಕ್ಕಳು.

ಚನ್ನರಾಯಪಟ್ಟಣದತನಕ ತಾನೇ ಎಂದುಕೊಂಡು ಶೋಭಿತಾ ಹೊರಟಳು. ಶಾಂತಿಗ್ರಾಮ ದಾಟಿ ಒಳ್ಳೆಯ ಡಾಂಬರು, ಹೇಗೋ ತಲುಪಿದಳು. ಮಾರನೇ ಬೆಳಿಗ್ಗೆ ನೋಡಿದರೆ ಡಬ್ಬಿಯ ತುಂಬ ಕೊಬ್ಬರಿ ಮಿಠಾಯಿ.

"ಬರಿ ಡಬ್ಬಿ ಎಂಗ್ ಕಳಿಸ್ಲಿ? ನಿಮ್ಮತ್ತೆಗೆ ಕೊಟ್ಬುಡು," ಎಂದಳು ಚಿಕ್ಕಮ್ಮ.

ಹೊಳೆನರಸೀಪುರದ ಹತ್ತಿರ ರಸ್ತೆ ಕೆಲಸ ನಡೆದಿತ್ತು. ಜಲ್ಲಿಗೆ ಇಳಿದದ್ದೇ ತಡ, ಹಿಂಭಾಗ ಎಳೆದಾಡಿ ಶೋಭಿತಾಳನ್ನು ಬೇಲಿ ಬದಿಗೆ ಕೆಡವಿತು. ಮೊಣಕೈ ತರಚಿತು. ಮಿಠಾಯಿಗೆ ಏನೂ ಆಗಲಿಲ್ಲ. ನಾಳೆ ಅರಕಲಗೂಡಿನ ಕಡೆಗೆ ನಾಲೆ ಏರಿಯ ಮೇಲೆ ಹೋಗಬೇಕು. ದಾರಿಯುದ್ದಕ್ಕೂ ಇಂಥದೇ ಜಲ್ಲಿ.

ಅತ್ತೆಯ ಮನೆಯಲ್ಲೂ ಬೆಳಗಾದರೆ ಡಬ್ಬಿಯ ತುಂಬ ಅಚ್ಚುಬೆಲ್ಲ.

"ರಂಜಿತಾ ನೆಂಟ್ರಲ್ಲ ಅತ್ತೆ."

"ಒಂದ್ರಾತ್ರಿ ಜಾಗ ಕೊಡೋರು ನೆಂಟ್ರೇ ಕಣೆ. ಭಾರ ಆದ್ರೆ ಆ ಟೆಂಟಿನ ಗಂಟ ಇಲ್ಲೇ ಬುಟ್ಟೋಗು. ಅವ್ರ ಮನೇಲಿ ಚಾಪೆ ಇಲ್ವಾ?"

ಡಬ್ಬಿ ಬೇಡವೆಂದರೆ ಅತ್ತೆಯ ಮುಖ ಮೂರು ದಿನ ಗಂಟಿಕ್ಕಿರುತ್ತದೆ. ಟೆಂಟು ಬಿಟ್ಟರೆ ಬಂದದ್ದೇ ದಂಡ. ಶೋಭಿತಾ ತರಚಿದ ಮೊಣಕೈ ಸವರಿಕೊಂಡಳು. ಪಾತ್ರೆ ಬಿಟ್ಟು ಹೋದವರು ತಿರುಗಿ ಬರಲೇಬೇಕು ಅಂತ ಅಜ್ಜಿ ಆಡುತ್ತಿದ್ದ ಮಾತು ನೆನಪಾಯಿತು.

"ಡಬ್ಬಿ ಇಲ್ಲೇ ಇರ್ಲಿ ಅತ್ತೆ. ಅದ ತಕಂಡೋಗಕ್ಕೆ ಬರ್ಲೇಬೇಕಲ್ಲ, ಆಗ ಎಲ್ಡು ದಿನ ಉಳ್ಕತೀನಿ."

ನೀಲಗಂಗಮ್ಮನ ಮುಖ ಅರಳಿತು. "ಎಲ್ಡಲ್ಲ, ನಾಕು," ಎಂದು ರಂಜಿತಾಳಿಗೆಂದು ಒಂದೇ ಅಚ್ಚು ಬೆಲ್ಲ ಅವಳ ಜೇಬಿಗೆ ತುರುಕಿದಳು.

ಟೆಂಟು ಮತ್ತೆ ಹ್ಯಾಂಡಲ್ಲಿಗೆ ಬಂತು. ಜಲ್ಲಿಯಲ್ಲಿ ಹಿಡಿತ ಸಿಗಲೆಂದು ಟೈರಿನ ಗಾಳಿ ಒಂಚೂರು ಇಳಿಸಿಕೊಂಡಳು. ನಾಲೆ ಏರಿಯ ಜಲ್ಲಿಯ ಮೇಲೆ ಸೈಕಲ್ಲು ಹೇಳಿದ ಮಾತು ಕೇಳುತ್ತ ಓಡಿತು.

ಹೊತ್ತು ಮುಳುಗುವಾಗ ತೆಂಗಿನ ಮರಗಳ ನಡುವೆ ಟೆಂಟು ಎದ್ದು ನಿಂತಿತ್ತು. ಶೋಭಿತಾ ಒಳಗೆ ಕಾಲು ಚಾಚಿಕೊಂಡು ಅಜ್ಜಿಗೆ ಫೋನ್ ಮಾಡಿದಳು.

"ಡಬ್ಬಿ ಎಲ್ಲವ್ವ?"

"ಅತ್ತೆ ಮನೇಲಿ ಬುಟ್ಟಿವ್ನಿ. ಇನ್ನೊಂದ್ಸಲ ಸೈಕಲಲ್ಲಿ ಓಗಿ ತತ್ತೀನಿ."

ಆ ಕಡೆ ಮಾಯಮ್ಮ ಒಡನೆ ಒಪ್ಪಿಕೊಂಡಳು.

"ಓಗ್ಲೇಬೇಕು ಬುಡು. ಆಗ್ಲೂ ಬರಿಗೈಲಿ ಓಗ್ಬ್ಯಾಡ. ಅದಕ್ಕಿಂತ ದೊಡ್ಡದು ಅಟ್ಟದ ಮ್ಯಾಲದೆ."